ಆಟವೋ, ಢಾಲಿನ ಬೇಟೆಯೋ?

ನಾಗರ ಪಂಚಮಿ ಬಂದಿತೆಂದರೆ ನಮ್ಮ ಕೆರೂರ ಸೀಮೆಯ ಹಳ್ಳಿಗಳಲ್ಲಿ ಬೇವಿನ ಮರಕ್ಕೂ ಮನೆಯ ತೊಲೆಗೂ ಹಗ್ಗ ಬೀಳುತ್ತಿತ್ತು. ತವರಿಗೆ ಬಂದ ಹೆಣ್ಣುಮಕ್ಕಳು, ಅವರ ಸೆರಗು ಹಿಡಿದ ಕೂಸುಗಳು, ಮನೆಯ ಮುದುಕಿಯರು ಕೂಡ ಸರದಿಯಂತೆ ಜೋಕಾಲಿ ಜೀಕುತ್ತಿದ್ದರು. ಗಂಡುಹುಡುಗರು ಊರ ಹೊರಗೆ ಲಿಂಬೆಹಣ್ಣು ಒಗೆಯುವ ಪಂದ್ಯ ಕಟ್ಟುತ್ತಿದ್ದರು. ಅಲ್ಲಿ ಪಂತವಿತ್ತು, ಗೆಲವಿತ್ತು, ಸೋಲೂ ಇತ್ತು. ಆದರೆ ಹೊತ್ತು ಮುಳುಗಿದ ಮೇಲೆ ಧೂಳು ಮೆತ್ತಿಕೊಂಡು ಬಂದ ಮಗನನ್ನು ತಾಯಿ "ಎಲ್ಲಿ ಹೋಗಿದ್ದೀಯೋ, ಉಂಡಿ ತಿಂದೇನು?" ಎಂದು ಕೇಳುತ್ತಿದ್ದಳು. ಇಂದು ಶಾಲೆಯ ಕ್ರೀಡಾಕೂಟದಿಂದ ಮರಳಿದ ಮಗುವಿಗೆ ಹೊಸ್ತಿಲಲ್ಲೇ ಎದುರಾಗುವ ಪ್ರಶ್ನೆ ಬೇರೆ: "ಏನಾತು? ಗೆದ್ರೋ, ಸೋತ್ರೋ?" ಮಗು ಹಸಿದಿದೆಯೋ, ದಣಿದಿದೆಯೋ, ಆಡಿ ಸಂತೋಷಪಟ್ಟಿತೋ ಇಲ್ಲವೋ ಎಂಬುದನ್ನು ಕೇಳುವವರಿಲ್ಲ. ಈ ಒಂದು ಪ್ರಶ್ನೆಯಿಂದ ನಮ್ಮ ಮಕ್ಕಳಿಗೆ ಎಷ್ಟು ಹಾನಿಯಾಗಿದೆ ಎಂಬುದನ್ನು ಭಕ್ತ ಬಂಧುಗಳ ಮುಂದೆ, ವಿಶೇಷವಾಗಿ ಶ್ರೀಮಠದ ಹಳೆಯ ವಿದ್ಯಾರ್ಥಿ ಮಿತ್ರರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ನಾನು ಮೂರು ದಶಕಗಳಿಗೂ ಮೇಲ್ಪಟ್ಟು ದೈಹಿಕ ಶಿಕ್ಷಕನಾಗಿ ದುಡಿದವನು. ಮೈದಾನದ ಬಿಸಿಲು ಬೆನ್ನಿಗೆ ಗೊತ್ತಿರುವವನು. ಆದ್ದರಿಂದ ಸ್ಪರ್ಧೆಯೇ ಬೇಡ, ಬಹುಮಾನವೇ ಪಾಪ ಎಂದು ಹೇಳಲಾರೆ. ನಾನು ಆಕ್ಷೇಪಿಸುವುದು ಇಷ್ಟನ್ನೇ: ಹತ್ತು ಹನ್ನೆರಡು ವರ್ಷದ ಮಕ್ಕಳ ಆಟವನ್ನು ಹಿರಿಯರಾದ ನಾವು ನಮ್ಮ ಪ್ರತಿಷ್ಠೆಯ ಪಂದ್ಯವನ್ನಾಗಿ ಮಾರ್ಪಡಿಸಿದ್ದೇವೆ. ಆಟ ಅವರದು, ಆಶೆ ನಮ್ಮದು. ಗೆದ್ದರೆ ಢಾಲು ಶಾಲೆಯ ಕಾರ್ಯಾಲಯಕ್ಕೆ, ಭಾವಚಿತ್ರ ಪತ್ರಿಕೆಗೆ, ಹೊಗಳಿಕೆ ಆಡಳಿತ ಮಂಡಳಿಗೆ. ಸೋತರೆ ಬೈಗುಳ ಮಾತ್ರ ಮಕ್ಕಳಿಗೆ. ಇದು ಯಾವ ನ್ಯಾಯ?

ಮೊದಲು ನಮ್ಮ ಕ್ರೀಡಾಕೂಟಗಳ ಲೆಕ್ಕವನ್ನೇ ನೋಡೋಣ. ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಪಂದ್ಯಗಳು ನಡೆಯುತ್ತವೆ. ಒಂದು ಕೂಟಕ್ಕೆ 16 ಕಬಡ್ಡಿ ತಂಡಗಳು ಬಂದವೆಂದು ಇಟ್ಟುಕೊಳ್ಳಿ. ತಂಡಕ್ಕೆ 12 ಮಕ್ಕಳಂತೆ 192 ಮಕ್ಕಳು. ಸೋತವರು ಹೊರಗೆ ಎಂಬ ನಾಕೌಟ್ ಪದ್ಧತಿಯಲ್ಲಿ ಮೊದಲ ಸುತ್ತಿಗೇ 8 ತಂಡಗಳು, ಅಂದರೆ 96 ಮಕ್ಕಳು, ಒಂದೇ ಆಟವಾಡಿ ಮನೆಯ ದಾರಿ ಹಿಡಿಯಬೇಕು. ಕಣಕ್ಕೆ ಇಳಿಯುವವರು 7 ಜನ, ಕಾಯ್ದಿಟ್ಟವರು 5 ಜನ. ಗೆಲ್ಲಲೇಬೇಕೆಂಬ ಹಟ ಹಿಡಿದ ಗುರುಗಳು ಆ ಐವರನ್ನು ಬಹುಶಃ ಎಬ್ಬಿಸುವುದೇ ಇಲ್ಲ. ಹಾಗಾದರೆ ಆ 8 ತಂಡಗಳಲ್ಲಿ 40 ಮಕ್ಕಳು ನಸುಕಿನಲ್ಲಿ ಎದ್ದು, ರೊಟ್ಟಿ ಬುತ್ತಿ ಕಟ್ಟಿಕೊಂಡು, ಟಂಟಂ ಗಾಡಿಯಲ್ಲಿ ಒತ್ತಿಕೊಂಡು ಬಂದುದು ಗೆರೆಯ ಹೊರಗೆ ಕುಳಿತು ಚಪ್ಪಾಳೆ ತಟ್ಟುವುದಕ್ಕೆ! ಇನ್ನು ಶಾಲೆಯಲ್ಲಿಯೇ ಉಳಿದ ನೂರಾರು ಮಕ್ಕಳ ಮಾತಂತೂ ಎತ್ತುವ ಹಾಗಿಲ್ಲ. ತಂಡ ಕಟ್ಟಿದ ದಿನದಿಂದ ಕ್ರೀಡಾ ಅವಧಿ ತಂಡಕ್ಕೆ ಮೀಸಲು; ಚೆಂಡು ತಂಡಕ್ಕೆ, ಕಣ ತಂಡಕ್ಕೆ, ಶಿಕ್ಷಕರ ಲಕ್ಷ್ಯವೂ ತಂಡಕ್ಕೆ. ದುಂಡಗಿನ ಹುಡುಗ, ಬಡಕಲು ಹುಡುಗಿ, ಓಡಲು ಬಾರದ ಕೂಸು, ಹೀಗೆ ಆಟ ಯಾರಿಗೆ ಹೆಚ್ಚು ಬೇಕಾಗಿದೆಯೋ ಅವರೇ ಆಟದಿಂದ ಹೊರಗೆ.

ಕಬಡ್ಡಿಯ ಕಟ್ಟಳೆಯೇ ನಮಗೆ ಪಾಠ ಹೇಳುತ್ತದೆ. ಆ ಆಟದಲ್ಲಿ ಔಟಾದವನು ಶಾಶ್ವತವಾಗಿ ಹೊರಗುಳಿಯುವುದಿಲ್ಲ. ತನ್ನ ಜೊತೆಗಾರನು ಎದುರಾಳಿಯನ್ನು ಮುಟ್ಟಿ ಬಂದರೆ ಅವನಿಗೆ ಮತ್ತೆ ಜೀವ ಬರುತ್ತದೆ. ನಮ್ಮ ಹಿರಿಯರು ಕಟ್ಟಿದ ಆಟದಲ್ಲಿ ಸತ್ತವನಿಗೂ ಜೀವವಿದೆ. ನಾವು ಕಟ್ಟಿದ ಕ್ರೀಡಾಕೂಟದಲ್ಲಿ ಒಮ್ಮೆ ಸೋತ ಮಗುವಿಗೆ ಮುಂದಿನ ವರ್ಷದವರೆಗೆ ಜೀವವಿಲ್ಲ.

ಅನ್ಯರನ್ನು ದೂಷಿಸುವ ಮುನ್ನ ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ಸುಮಾರು ನಾಲ್ವತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ಕೆಲಸ ಮಾಡುತ್ತಿದ್ದ ಶಾಲೆಯ ಹೆಸರು ಇಲ್ಲಿ ಬೇಕಿಲ್ಲ. ನಮ್ಮ ತಂಡ ಅಂತಿಮ ಪಂದ್ಯಕ್ಕೆ ಬಂದಿತ್ತು. ದಾಳಿಗೆ ಹೋಗುವ ಹುಡುಗರಲ್ಲಿ ಎಲ್ಲರಿಗಿಂತ ಚುರುಕಾಗಿದ್ದವನು ಹಿಂದಿನ ಪಂದ್ಯದಲ್ಲಿ ಕಾಲು ಹೊರಳಿಸಿಕೊಂಡಿದ್ದ. ಹಿಮ್ಮಡದ ಗಂಟು ಊದಿಕೊಂಡಿತ್ತು. "ಸರ್, ನೆಲಕ್ಕ ಊರಾಕ ಆಗವಲ್ದರಿ" ಎಂದ. ನಾನು ಅರಿಷಿಣ ಸುಣ್ಣ ಹಚ್ಚಿ, ಹಳೆಯ ಪಂಚೆ ಹರಿದು ಬಿಗಿಯಾಗಿ ಕಟ್ಟಿ, "ಗಂಡಸಾಗೋ, ಇಪ್ಪತ್ತು ನಿಮಿಷ ತಡಕೋ" ಎಂದು ಕಣಕ್ಕೆ ನೂಕಿದೆ. ನಾವು ಗೆದ್ದೆವು. ಊರಿನಲ್ಲಿ ಹಲಗೆ ಬಾರಿಸುತ್ತ ಮೆರವಣಿಗೆ ಮಾಡಿದರು, ನನ್ನ ಕೊರಳಿಗೂ ಹಾರ ಬಿತ್ತು. ಆ ಹುಡುಗ ಮೆರವಣಿಗೆಯಲ್ಲಿ ಇರಲಿಲ್ಲ. ತಿಂಗಳುಗಟ್ಟಲೆ ಕುಂಟಿದ, ಅನಂತರ ಮೈದಾನದ ಕಡೆಗೆ ತಿರುಗಿ ನೋಡಲಿಲ್ಲ.

ಕೆಲವು ವರ್ಷಗಳ ಹಿಂದೆ ಕೆರೂರ ಸಂತೆಯಲ್ಲಿ ಅವನು ಸಿಕ್ಕ. ಈಗ ಒಕ್ಕಲುತನ ಮಾಡುತ್ತಾನೆ, ಮೊಮ್ಮಗನೂ ಇದ್ದಾನೆ. ಕಾಲು ಮುಟ್ಟಿ ನಮಸ್ಕರಿಸಿದ. ಕುಶಲ ಪ್ರಶ್ನೆಗಳಾದ ಮೇಲೆ ಮೆಲ್ಲನೆ ಕೇಳಿದ: "ಸರ್, ಆ ಢಾಲು ಇನ್ನೂ ಆಫೀಸಿನ್ಯಾಗ ಐತೇನ್ರಿ?" ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಢಾಲು ಇತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಮುಂದೊಂದು ದಿನ ಹೋಗಿ ನೋಡಿದೆ. ಕಪಾಟಿನ ಮೇಲೆ, ಹಳೆಯ ಹಾಜರಿ ಪುಸ್ತಕಗಳ ಹಿಂದೆ ಬಿದ್ದಿತ್ತು. ಹಿತ್ತಾಳೆ ಕಪ್ಪಾಗಿ ಶಾಲೆಯ ಹೆಸರೂ ಅಳಿಸಿಹೋಗಿತ್ತು. ಒಬ್ಬ ಬಾಲಕನ ಆಟವನ್ನು ಕಿತ್ತುಕೊಂಡು ನಾನು ಗಳಿಸಿದ್ದು ಅದನ್ನು. ಅಂದಿನಿಂದ ಈ ವಿಷಯದಲ್ಲಿ ಸುಮ್ಮನಿರಬಾರದೆಂದು ನಿಶ್ಚಯಿಸಿದೆ.

ಇದು ಕೇವಲ ಒಬ್ಬ ಶಿಕ್ಷಕನ ಅವಿವೇಕವೆಂದು ತಳ್ಳಿಹಾಕುವಂತಿಲ್ಲ. ಗೆಲವೊಂದನ್ನೇ ಗುರಿಯಾಗಿ ಕಲಿಸಿದರೆ ಮಗು ಮುಂದೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ದೇಶದಲ್ಲಿ ಬೇಕಾದಷ್ಟು ನಿದರ್ಶನಗಳಿವೆ.

ಮೊದಲನೆಯದು ವಯಸ್ಸಿನ ಸುಳ್ಳು. ಹದಿನೇಳರವನನ್ನು ಹದಿನಾಲ್ಕರವನೆಂದು ಬರೆಸಿ ಆಡಿಸುವ ಚಾಳಿ ಎಷ್ಟು ಹಬ್ಬಿದೆಯೆಂದರೆ, ಹುಡುಗರ ಮಣಿಕಟ್ಟಿನ ಎಲುಬಿನ ಕ್ಷ-ಕಿರಣ ಚಿತ್ರ ತೆಗೆದು ವಯಸ್ಸನ್ನು ಅಳೆಯುವ ಪದ್ಧತಿಯನ್ನು ಭಾರತೀಯ ಕ್ರಿಕೆಟ್ ಮಂಡಳಿ ತರಬೇಕಾಯಿತು. ನಮ್ಮ ಕನ್ನಡ ನಾಡಿನ ರಾಹುಲ್ ದ್ರಾವಿಡ್ ಅವರು 2015ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಮಾಡಿದಾಗ ಈ ಪಿಡುಗನ್ನೇ ಎತ್ತಿ ಆಡಿದರು. ತನ್ನ ಪಾಲಕರೂ ತರಬೇತುದಾರರೂ ಸೇರಿ ಸುಳ್ಳು ದಾಖಲೆ ಸೃಷ್ಟಿಸುವುದನ್ನು ಕಣ್ಣಾರೆ ಕಂಡ ಬಾಲಕ ಮುಂದೆ ಪ್ರಾಮಾಣಿಕನಾಗುವುದು ಹೇಗೆ ಎಂಬುದು ಅವರ ಪ್ರಶ್ನೆಯ ತಾತ್ಪರ್ಯ. ಕಿರಿಯರ ತಂಡಕ್ಕೆ ಅವರು ತರಬೇತುದಾರರಾಗಿದ್ದಾಗ, 2016ರಲ್ಲಿ, 19 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಒಬ್ಬ ಹುಡುಗ ಒಮ್ಮೆ ಮಾತ್ರ ಆಡಬೇಕೆಂಬ ನಿಯಮವೂ ಬಂದಿತು. ನುರಿತವನನ್ನೇ ಮತ್ತೆ ಆಡಿಸಿದ್ದರೆ ಕಪ್ಪು ಸುಲಭವಾಗಿ ಸಿಗಬಹುದಿತ್ತು. ಆದರೂ ಹೊಸ ಹುಡುಗನಿಗೆ ಅವಕಾಶ ಸಿಗುವುದು ಮುಖ್ಯವೆಂದು ಬಗೆದರು. ಕೋಟಿಗಟ್ಟಲೆ ಹಣದ ವ್ಯವಹಾರವಿರುವ ಕ್ರಿಕೆಟ್ಟಿನಲ್ಲಿ ಈ ವಿವೇಕ ಸಾಧ್ಯವಾದರೆ ನಮ್ಮ ವಲಯ ಮಟ್ಟದ ಖೋಖೋ ಪಂದ್ಯದಲ್ಲಿ ಏಕೆ ಸಾಧ್ಯವಾಗಬಾರದು?

ಎರಡನೆಯದು ಔಷಧಿಯ ವಿಷ. 2023ರ ಸೆಪ್ಟೆಂಬರಿನಲ್ಲಿ ದೆಹಲಿ ರಾಜ್ಯದ ಅಥ್ಲೆಟಿಕ್ ಕೂಟಕ್ಕೆ ಉದ್ದೀಪನ ಮದ್ದಿನ ಪರೀಕ್ಷಕರು ಬಂದ ಸುದ್ದಿ ತಿಳಿದು, ಪುರುಷರ 100 ಮೀಟರ್ ಅಂತಿಮ ಓಟಕ್ಕೆ ಒಬ್ಬನೇ ಒಬ್ಬ ಓಟಗಾರ ಬಂದು ನಿಂತ. ಉಳಿದವರೆಲ್ಲ ಮಾಯವಾಗಿದ್ದರು. ಕಿರಿಯರ ಓಟವೊಂದರಲ್ಲಿ ಒಬ್ಬ ಹುಡುಗಿ ಗುರಿಯನ್ನು ದಾಟಿದ ಮೇಲೂ ಪರೀಕ್ಷಕರಿಗೆ ಸಿಗಬಾರದೆಂದು ಓಡುತ್ತಲೇ ಹೋದಳೆಂದು ಪತ್ರಿಕೆಗಳು ವರದಿ ಮಾಡಿದವು. ಗುರಿ ದಾಟಿದ ಮೇಲೂ ನಿಲ್ಲಲಾಗದ ಆ ಹುಡುಗಿಯ ಸ್ಥಿತಿಯನ್ನು ಓದುಗರು ಒಂದು ಕ್ಷಣ ಕಣ್ಣ ಮುಂದೆ ತಂದುಕೊಳ್ಳಬೇಕು. ಅವಳಿಗೆ ಆ ಸೂಜಿಯನ್ನು ಮೊದಲು ತೋರಿಸಿದವರು ಯಾರು? ಹಿರಿಯರೇ ಅಲ್ಲವೇ? 2022ರಲ್ಲಿ ನಮ್ಮ ದೇಶದಲ್ಲಿ ಪರೀಕ್ಷಿಸಿದ 3,865 ಮಾದರಿಗಳಲ್ಲಿ 125ರಲ್ಲಿ ನಿಷಿದ್ಧ ಮದ್ದು ಕಂಡುಬಂದಿತು. ಹೆಚ್ಚು ಪರೀಕ್ಷೆ ನಡೆಸುವ ರಾಷ್ಟ್ರಗಳಲ್ಲಿ ಈ ಪ್ರಮಾಣ ಎಲ್ಲಕ್ಕಿಂತ ಅಧಿಕ. ಪದಕದ ಪಟ್ಟಿಯಲ್ಲಿ ಕೆಳಗಿರುವ ನಾವು ಈ ಪಟ್ಟಿಯಲ್ಲಿ ಮೇಲೇರಿದ್ದೇವೆ.

ಮೂರನೆಯದು ನಮ್ಮ ಸೀಮೆಗೆ ತೀರ ಹತ್ತಿರದ್ದು. ಕುಸ್ತಿ ನಮ್ಮ ಮಣ್ಣಿನ ಗುಣ. ಇಂದಿನ ಕುಸ್ತಿ ತೂಕದ ಲೆಕ್ಕದಲ್ಲಿ ನಡೆಯುವುದರಿಂದ ಕೆಳಗಿನ ತೂಕದಲ್ಲಿ ಸುಲಭವಾಗಿ ಗೆಲ್ಲಬಹುದೆಂದು ಬೆಳೆಯುವ ಹುಡುಗರನ್ನು ಉಪವಾಸ ಕೆಡಹುವ, ನೀರು ಬಿಡಿಸುವ, ಬಿಸಿಲಲ್ಲಿ ಕಂಬಳಿ ಹೊದಿಸಿ ಓಡಿಸುವ ಕ್ರೂರ ಪದ್ಧತಿ ಬೆಳೆದಿದೆ. ಅಮೇರಿಕದಲ್ಲಿ 1997ರ ಕೊನೆಯಲ್ಲಿ ಹೀಗೆ ತೂಕ ಇಳಿಸಲು ಹೋಗಿ ಸುಮಾರು ಒಂದು ತಿಂಗಳ ಅವಧಿಯಲ್ಲಿ ಮೂವರು ಕಾಲೇಜು ತರುಣರು ಪ್ರಾಣ ಬಿಟ್ಟರು. ಆ ಮೇಲೆ ಅಲ್ಲಿಯ ನಿಯಮಗಳು ಬದಲಾದವು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೇವಲ 100 ಗ್ರಾಮ್ ಹೆಚ್ಚಾಯಿತೆಂದು ವಿನೇಶ್ ಫೋಗಟ್ ಅವರು ಅಂತಿಮ ಕುಸ್ತಿಯಿಂದ ಹೊರಬಿದ್ದುದನ್ನು ದೇಶವೇ ನೋಡಿತು. ಅವರು ತಿಳಿದ ವಯಸ್ಸಿನವರು, ತಾವೇ ಆರಿಸಿಕೊಂಡ ದಾರಿ. ಹದಿಮೂರರ ಹುಡುಗನ ಅನ್ನವನ್ನು ತೂಕದ ಯಂತ್ರದ ಮುಂದೆ ಕಿತ್ತುಕೊಳ್ಳಲು ನಮಗೆ ಅಧಿಕಾರ ಕೊಟ್ಟವರಾರು?

ಇಲ್ಲಿ ಕೆಲವರು ಆಕ್ಷೇಪಿಸಬಹುದು. "ಸ್ಪರ್ಧೆಯಿಲ್ಲದೆ ಮಕ್ಕಳು ಗಟ್ಟಿಯಾಗುವುದು ಹೇಗೆ? ಚಿಕ್ಕಂದಿನಲ್ಲೇ ಗೆಲ್ಲುವ ರೂಢಿ ಬೀಳದಿದ್ದರೆ ದೊಡ್ಡವರಾದಾಗ ಗೆಲ್ಲುವರೇ?" ಎಂದು. ಇದಕ್ಕೆ ಉತ್ತರವನ್ನು ಕರ್ನಾಟಕದಲ್ಲೇ ಹುಡುಕೋಣ. 1962ರಲ್ಲಿ ಏಳು ವರ್ಷದ ಬಾಲಕನೊಬ್ಬ ರಾಜ್ಯ ಕಿರಿಯರ ಬ್ಯಾಡ್ಮಿಂಟನ್ ಸ್ಪರ್ಧೆಯಲ್ಲಿ ಮೊದಲ ಸಲ ಆಡಿ, ಮೊದಲ ಸುತ್ತಿನಲ್ಲೇ ಸೋತ. ನಮ್ಮ ಇಂದಿನ ಲೆಕ್ಕದಲ್ಲಿ ಅವನು ಕೆಲಸಕ್ಕೆ ಬಾರದವನು. ಅವನು ಆಟವನ್ನು ಬಿಡಲಿಲ್ಲ, ಬಿಡಿಸುವವರೂ ಇರಲಿಲ್ಲ. ಎರಡು ವರ್ಷಗಳಲ್ಲಿ ಅದೇ ಪ್ರಶಸ್ತಿಯನ್ನು ಗೆದ್ದ. 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನೂ ಗೆದ್ದ. ಅವರೇ ಪ್ರಕಾಶ್ ಪಡುಕೋಣೆ. ಏಳು ವರ್ಷದ ಮಗುವಿನ ಸೋಲು ಏನನ್ನೂ ನಿರ್ಣಯಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ?

ಇನ್ನು ಹೊರಗಿನ ಜಗತ್ತಿಗೆ ಬರೋಣ. ನಾರ್ವೆ ಎಂಬ ಚಿಕ್ಕ ದೇಶವಿದೆ. ಅದರ ಜನಸಂಖ್ಯೆ ಸುಮಾರು 55 ಲಕ್ಷ. 2011ರ ಜನಗಣತಿಯಂತೆ ನಮ್ಮ ಬಾಗಲಕೋಟೆ ಜಿಲ್ಲೆಯೊಂದರಲ್ಲೇ ಸುಮಾರು 19 ಲಕ್ಷ ಜನರಿದ್ದರು. ಅಂದರೆ ನಮ್ಮಂತಹ ಮೂರು ಜಿಲ್ಲೆ ಸೇರಿದರೆ ಒಂದು ನಾರ್ವೆ. ಅಲ್ಲಿಯ ಕ್ರೀಡಾ ಒಕ್ಕೂಟವು ಮಕ್ಕಳ ಕ್ರೀಡೆಗೆಂದು 1987ರಲ್ಲಿ ಪ್ರತ್ಯೇಕ ನಿಯಮಗಳನ್ನು ಮಾಡಿ, 2007ರಲ್ಲಿ ಅವನ್ನು ಮತ್ತಷ್ಟು ಬಿಗಿಗೊಳಿಸಿತು. ಹನ್ನೊಂದು ತುಂಬುವ ವರ್ಷದವರೆಗೆ ಮಕ್ಕಳ ಪಂದ್ಯಗಳಲ್ಲಿ ಮೊದಲನೆಯವ, ಕೊನೆಯವ ಎಂಬ ಪಟ್ಟಿಯನ್ನು ಪ್ರಕಟಿಸುವಂತಿಲ್ಲ. ಹದಿಮೂರರವರೆಗೆ ರಾಷ್ಟ್ರೀಯ ಚಾಂಪಿಯನ್ ಪಟ್ಟದ ಸ್ಪರ್ಧೆಗಳಿಲ್ಲ. ಬಹುಮಾನ ಕೊಡುವುದಾದರೆ ಆಡಿದ ಎಲ್ಲ ಮಕ್ಕಳಿಗೂ ಕೊಡಬೇಕು. ಎಷ್ಟು ಆಡಬೇಕು, ಯಾವುದನ್ನು ಆಡಬೇಕು ಎಂಬುದರಲ್ಲಿ ಮಗುವಿನ ಮಾತಿಗೆ ಬೆಲೆಯಿದೆ. ಇಷ್ಟೆಲ್ಲ ಮೃದುವಾಗಿ ಬೆಳೆದ ಮಕ್ಕಳು ಮುಂದೆ ಸೋಮಾರಿಗಳಾದರೇ? 2018ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಆ ದೇಶ 39 ಪದಕಗಳನ್ನೂ, 2022ರಲ್ಲಿ 16 ಚಿನ್ನಗಳನ್ನೂ ಗೆದ್ದು ಎರಡೂ ಸಲ ಜಗತ್ತಿಗೇ ಮೊದಲಾಯಿತು. ಅದು ಹಿಮದ ನಾಡು, ಹಿಮದ ಆಟದಲ್ಲಿ ಗೆದ್ದರೆ ಏನು ಹೆಚ್ಚು ಎನ್ನುವವರಿಗೆ ಒಂದು ಮಾತು: 2021ರಲ್ಲಿ ಟೋಕಿಯೋದಲ್ಲಿ 400 ಮೀಟರ್ ಹರ್ಡಲ್ಸ್ ಓಟವನ್ನು ವಿಶ್ವದಾಖಲೆಯೊಡನೆ ಗೆದ್ದವನೂ ನಾರ್ವೆಯವನೇ. ಹೆಚ್ಚು ಮಕ್ಕಳು ಹೆಚ್ಚು ಕಾಲ ಆಟದಲ್ಲಿ ಉಳಿದರೆ ಒಳ್ಳೆಯ ಆಟಗಾರರು ತಾವಾಗಿ ಮೇಲೆ ಬರುತ್ತಾರೆ. ಜೋಳದ ಹೊಲದಲ್ಲಿ ಮೊಳಕೆಯೊಡೆದ ಎಂಟನೆಯ ದಿನವೇ ಯಾವ ಸಸಿ ದೊಡ್ಡ ತೆನೆ ಕೊಡುವುದೆಂದು ಆರಿಸಿ ಉಳಿದವನ್ನೆಲ್ಲ ಕಿತ್ತು ಹಾಕುವ ಒಕ್ಕಲಿಗನನ್ನು ಯಾರಾದರೂ ಕಂಡಿದ್ದೀರಾ?

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದುದು, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. "ಉಳ್ಳವರ ಮಕ್ಕಳು ಸಂತೋಷಕ್ಕೆ ಆಡಿಯಾರು. ಬಡವನ ಮಗನಿಗೆ ಪದಕವೇ ನೌಕರಿಯ ದಾರಿ. ಪೊಲೀಸು, ರೈಲ್ವೆ, ಸೈನ್ಯ, ಎಲ್ಲಿಯೂ ಕ್ರೀಡಾಪಟುವಿಗೆ ಮನ್ನಣೆಯಿದೆ. ಅದನ್ನು ತಪ್ಪಿಸಬೇಡಿ" ಎನ್ನುತ್ತಾರೆ. ಈ ಮಾತು ಸತ್ಯ. ನಮ್ಮ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿಯವರು 2020ರಲ್ಲಿ ದೆಹಲಿಯ ಏಷ್ಯನ್ ಕುಸ್ತಿ ಕೂಟದಲ್ಲಿ 55 ಕಿಲೋ ಗ್ರೀಕೋ-ರೋಮನ್ ವಿಭಾಗದ ಕಂಚಿನ ಪದಕ ತಂದಾಗ ಹೆಮ್ಮೆಪಡದವರು ಯಾರು? 2025ರ ಜನವರಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ರೈತ ಮನೆತನದ ಚೈತ್ರಾ ಇದ್ದರೆಂಬುದೂ ನಮಗೆ ಅಭಿಮಾನದ ಸಂಗತಿಯೇ. ಆದರೆ ಪಾಲಕರು ಒಂದು ಲೆಕ್ಕ ಹಾಕಬೇಕು. ಆ 192 ಮಕ್ಕಳಲ್ಲಿ ರಾಷ್ಟ್ರ ಮಟ್ಟಕ್ಕೆ ಮುಟ್ಟುವವರು ಎಷ್ಟು ಜನ? ಒಬ್ಬರು ಮುಟ್ಟಿದರೆ ಅದೇ ದೊಡ್ಡ ಮಾತು. ಆ ಒಬ್ಬರ ನೆವದಲ್ಲಿ ಉಳಿದ 191 ಮಕ್ಕಳಿಗೆ "ನೀನು ಸೋತವನು" ಎಂಬ ಮುದ್ರೆ ಒತ್ತಿ ಕಳಿಸುವುದು ಯಾವ ಬಡವನಿಗೆ ಉಪಕಾರ? ಪದಕಕ್ಕೆ ಹದಿನಾರು ಹದಿನೇಳರ ವಯಸ್ಸಿದೆ, ಅದಕ್ಕೆ ಸರಕಾರದ ಕ್ರೀಡಾಶಾಲೆಗಳಿವೆ, ತಿಳಿದ ತರಬೇತುದಾರರಿದ್ದಾರೆ. ಹತ್ತರ ವಯಸ್ಸಿನಲ್ಲಿ ಮೊಣಕಾಲು ಮುರಿದುಕೊಂಡು ಮನಸ್ಸೂ ಮುರಿದುಕೊಂಡ ಮಗು ಆ ವಯಸ್ಸಿನವರೆಗೆ ಮೈದಾನದಲ್ಲಿ ಉಳಿದಿರುವುದೇ ಇಲ್ಲ. ನನ್ನ ಶಿಷ್ಯನೂ ಬಡವನ ಮಗನೇ ಆಗಿದ್ದ. ನಾನು ತಾಳಿದ್ದರೆ ಅವನಿಗೂ ಒಂದು ನೌಕರಿ ಸಿಗುತ್ತಿತ್ತೋ ಏನೋ.

ಹೆಣ್ಣುಮಕ್ಕಳ ವಿಷಯದಲ್ಲಂತೂ ನಮ್ಮ ಅಪರಾಧ ಇಮ್ಮಡಿ. ಎಂಟನೆಯ ಇಯತ್ತೆಗೆ ಬಂದ ಹುಡುಗಿಯನ್ನು ಮೈದಾನದಿಂದ ಮನೆಗೆ ಕರೆದೊಯ್ಯಲು ನೂರು ಕಾರಣಗಳಿರುತ್ತವೆ. "ತಂಡದಲ್ಲಿ ಇಲ್ಲದವಳಿಗೆ ಆಟವೇಕೆ?" ಎಂಬುದು ನೂರಾ ಒಂದನೆಯದು. ಅದನ್ನಾದರೂ ನಾವು ತೆಗೆದುಹಾಕಬಹುದು. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಶಾಲೆಗೆ ಆಟದ ಮೈದಾನವೂ ಆಟದ ಸಾಮಾನುಗಳೂ ಇರಬೇಕೆಂದಿದೆ. ಮಗುವಿಗೆ ಆಡುವ ಹಕ್ಕಿದೆಯೆಂದು ಸಾರುವ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1992ರಲ್ಲಿ ಸಮ್ಮತಿಸಿದೆ. ತಂಡಕ್ಕೆ ಆಯ್ಕೆಯಾದ ಮಗುವಿಗೆ ಮಾತ್ರ ಎಂಬ ಷರತ್ತು ಈ ಎರಡರಲ್ಲಿಯೂ ಇಲ್ಲ.

ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಬೆಳೆದ ನಮಗೆ ಈ ಮಾತು ಹೊಸದಾಗಿರಬಾರದು. ಅಲ್ಲಿಯ ಪಂಕ್ತಿಯಲ್ಲಿ ಪರೀಕ್ಷೆಯಲ್ಲಿ ಮೊದಲು ಬಂದವನಿಗೆ ಎರಡು ರೊಟ್ಟಿ, ನಾಪಾಸಾದವನಿಗೆ ಒಂದು ಎಂಬ ಭೇದವಿರಲಿಲ್ಲ. ಹಸಿದವರೆಲ್ಲರಿಗೂ ಎಲೆ ಬೀಳುತ್ತಿತ್ತು. ಸಂಜೆ ಬಯಲಿನಲ್ಲಿ ಚಿಣಿಫಣಿಯಾಗಲಿ, ಹುತುತು ಆಗಲಿ, ಇದ್ದವರೆಲ್ಲ ಎರಡು ಪಾಳಿಯಾಗಿ ಹಂಚಿಕೊಂಡು ಆಡುತ್ತಿದ್ದೆವು. ಒಬ್ಬ ಹೆಚ್ಚಾದರೆ ಅವನು ಎರಡೂ ಪಾಳಿಗೆ ಆಡುತ್ತಿದ್ದನೇ ವಿನಾ ಹೊರಗೆ ಕೂಡುತ್ತಿರಲಿಲ್ಲ. ಅನ್ನದ ಪಂಕ್ತಿಯಲ್ಲಿ ಇಟ್ಟುಕೊಂಡ ನ್ಯಾಯವನ್ನು ಆಟದ ಬಯಲಿನಲ್ಲಿ ಏಕೆ ಕೈಬಿಟ್ಟೆವು?

ಬರಿದೆ ದೂರಿದರೆ ಪ್ರಯೋಜನವಿಲ್ಲ. ಮಠಮಾನ್ಯಗಳು ನಡೆಸುವ ಶಾಲೆಗಳ ಆಡಳಿತ ಮಂಡಳಿಗಳಿಗೆ, ಅಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ನನ್ನ ಬೇಡಿಕೆಗಳು ಸ್ಪಷ್ಟವಾಗಿವೆ. ಏಳನೆಯ ಇಯತ್ತೆಯವರೆಗೆ ನಮ್ಮ ಶಾಲೆಗಳ ನಡುವಿನ ಕೂಟಗಳಲ್ಲಿ ಸೋತವರು ಹೊರಗೆ ಎಂಬ ಪದ್ಧತಿಯನ್ನು ನಿಲ್ಲಿಸಬೇಕು. 16 ತಂಡಗಳನ್ನು ನಾಲ್ಕು ನಾಲ್ಕರ ಗುಂಪು ಮಾಡಿದರೆ ಪ್ರತಿ ತಂಡಕ್ಕೂ 3 ಆಟಗಳು ಸಿಗುತ್ತವೆ, ಒಟ್ಟು 24 ಆಟಗಳಾಗುತ್ತವೆ. ಆಟಕ್ಕೆ 20 ನಿಮಿಷದಂತೆ ಎರಡು ಕಣಗಳಲ್ಲಿ ನಡೆಸಿದರೆ ನಾಲ್ಕು ಗಂಟೆಗಳಲ್ಲಿ ಮುಗಿಯುತ್ತದೆ. ಹೆಚ್ಚಿನ ಖರ್ಚೇನೂ ಇಲ್ಲ, ಎರಡನೆಯ ಕಣಕ್ಕೆ ಒಂದಿಷ್ಟು ಸುಣ್ಣದ ಪುಡಿ ಸಾಕು. ಬಂದ ಪ್ರತಿ ಮಗುವೂ ಪ್ರತಿ ಆಟದಲ್ಲಿ ಸ್ವಲ್ಪ ಹೊತ್ತಾದರೂ ಕಣಕ್ಕೆ ಇಳಿಯಲೇಬೇಕೆಂಬ ನಿಯಮವಿರಲಿ. ನೋವಾದ ಮಗುವನ್ನು ಆಡಿಸಿದ ಶಿಕ್ಷಕನನ್ನು ಕೂಟದಿಂದ ಹೊರಗಿಡಲಿ. ನನ್ನಂಥವರಿಗೆ ಅದೇ ತಕ್ಕ ಶಿಕ್ಷೆ. ದೈಹಿಕ ಶಿಕ್ಷಕನ ಕೆಲಸವನ್ನು ಢಾಲುಗಳ ಸಂಖ್ಯೆಯಿಂದ ಅಳೆಯುವುದನ್ನು ಬಿಟ್ಟು, ಶಾಲೆಯ ಎಷ್ಟು ಮಕ್ಕಳು ವಾರಕ್ಕೆ ಎಷ್ಟು ಸಲ ಆಡಿದರು ಎಂಬುದರಿಂದ ಅಳೆಯಲಿ. ಪಾಲಕರು ಗೆರೆಯ ಹೊರಗೆ ನಿಂತು ಚಪ್ಪಾಳೆ ತಟ್ಟಲಿ, ಎರಡೂ ತಂಡಗಳಿಗೆ ತಟ್ಟಲಿ; ಬಯ್ಯುವವರು ಮನೆಯಲ್ಲಿಯೇ ಉಳಿಯಲಿ.

ಇವುಗಳಲ್ಲಿ ಸರಕಾರದ ಆದೇಶಕ್ಕಾಗಿ ಕಾಯಬೇಕಾದುದು ಯಾವುದೂ ಇಲ್ಲ. ವಲಯ, ತಾಲ್ಲೂಕು ಕೂಟಗಳು ಇಲಾಖೆಯ ನಿಯಮದಂತೆ ನಡೆದುಕೊಳ್ಳಲಿ. ನಮ್ಮ ಶಾಲೆಯ ಬಯಲು ನಮ್ಮ ಕೈಯಲ್ಲಿದೆ. ಬರುವ ಪಂಚಮಿಯ ಹೊತ್ತಿಗೆ ಈ ಭಾಗದ ಒಂದೆರಡು ಶಾಲೆಗಳಾದರೂ ಇಂಥ ಕೂಟವನ್ನು ನಡೆಸಿ ತೋರಿಸಲಿ. ಕಣಕ್ಕೆ ಗೆರೆ ಹಾಕಲು, ಸೀಟಿ ಊದಲು ಈ ಮುದುಕ ತನ್ನ ಬಸ್ ಚಾರ್ಜು ತಾನೇ ಕೊಟ್ಟುಕೊಂಡು ಬರುತ್ತಾನೆ.

ಇಷ್ಟಾದರೂ ಆಗದಿದ್ದರೆ, ಇದನ್ನು ಓದಿದ ತಂದೆತಾಯಿಗಳಲ್ಲಿ ಒಂದೇ ಪ್ರಾರ್ಥನೆ. ನಾಳೆ ನಿಮ್ಮ ಮಗು ಮೈದಾನದಿಂದ ಮನೆಗೆ ಬಂದಾಗ "ಗೆದ್ದೇನು?" ಎಂಬ ಪ್ರಶ್ನೆಯನ್ನು ನುಂಗಿಕೊಳ್ಳಿ. ಕಾಲು ತೊಳೆಯಲು ನೀರು ಕೊಡಿ, ಉಣ್ಣಲು ಕೊಡಿ. ಆಟ ಹೇಗಿತ್ತೆಂಬುದನ್ನು ಅದು ತಾನಾಗಿಯೇ ಹೇಳುತ್ತದೆ. ಆಗ ಕುಳಿತು ಕೇಳಿ.